ಸ್ಕಾಟ್ಲೆಂಡಿನ ಹೊಸ ಪುಸ್ತಕ ಸಿಗೋದೆಲ್ಲಿ?

ಪ್ರಶ್ನೆ: ಕಾದಂಬರಿ ಓದಿ ಸಾಕಾಯ್ತು. ಸ್ಕಾಟ್ಲೆಂಡಿನವರು ಬೆಟ್ಟ, ಮಳೆ, ಊರಿನ ಬಗ್ಗೆ ಬರೆದ ಹೊಸ ಪುಸ್ತಕಗಳು ಗೊತ್ತಾಗೋದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಲೇಖಕರನ್ನು ಬಿಡಿ, ಮೊದಲು ಪ್ರಕಾಶಕರ ಬೆನ್ನು ಹತ್ತಿ. ಎಡಿನ್‌ಬರೋದ ಕ್ಯಾನನ್‌ಗೇಟ್, ಬಿರ್ಲಿನ್ ಇವರ ಹೊಸ ಪಟ್ಟಿ ಆಗಾಗ ನೋಡುತ್ತಿದ್ದರೆ ಅರ್ಧ ಕೆಲಸ ಆದಂತೆ. ಆಗಸ್ಟ್‌ನಲ್ಲಿ, ನಮ್ಮಲ್ಲಿ ಆಗುಂಬೆ ಮಳೆಗೆ ಕಂಬಳಿ ಹೊದ್ದು ಕೂತಿರುವಾಗ, ಅಲ್ಲಿ ದೊಡ್ಡ ಪುಸ್ತಕ ಹಬ್ಬ ನಡೆಯುತ್ತದೆ. ಅದರ ಕಾರ್ಯಕ್ರಮ ಪಟ್ಟಿಯಲ್ಲಿ ಯಾರು ಏನು ಬರೆದಿದ್ದಾರೆ ಅಂತ ಸುಮ್ನೆ ಓದಿದರೂ ಸಾಕು. ಹೊಸದೇ ಬೇಕೆಂಬ ಹಠ ಬೇಡ. ಸ್ಕಾಟ್ಲೆಂಡಿನ ಕೈರ್ನ್‌ಗಾರ್ಮ್ ಬೆಟ್ಟಗಳ ಬಗ್ಗೆ ಅಲ್ಲಿನ ಲೇಖಕಿ ನ್ಯಾನ್ ಶೆಫರ್ಡ್ 1940ರ ದಶಕದಲ್ಲೇ ಬರೆದದ್ದು ಅಚ್ಚಾಗಿದ್ದು 1977ರಲ್ಲಿ! ಕುಂದಾದ್ರಿ ಹತ್ತಿದವರಿಗೆ ಅದು ಬೇಗ ಹಿಡಿಸುತ್ತದೆ. ಬೆಲೆ ಜಾಸ್ತಿ ಅನ್ನಿಸಿದರೆ ಮೊಬೈಲಿನಲ್ಲಿ ಮೊದಲ ಕೆಲವು ಪುಟ ಪುಕ್ಕಟೆ ಸಿಗುತ್ತವೆಯಾ ನೋಡಿ, ಆಮೇಲೆ ಕೊಳ್ಳಿ.