ಒಂದೇ ಕಂಪ್ಯೂಟರ್ ಪದೇ ಪದೇ ಪ್ಯಾನಿಕ್ ಆಗುತ್ತಿದೆಯೇ? ಫಾರ್ಮ್ಯಾಟ್ ಬೇಡ, ಫೋಟೊ ತೆಗೆಯಿರಿ

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಒಂದೇ ಮಾದರಿಯ 10 ಕಂಪ್ಯೂಟರ್‌ಗಳಿವೆ. ಎಲ್ಲದರಲ್ಲೂ ಒಂದೇ ಲಿನಕ್ಸ್, ಒಂದೇ ಕರ್ನಲ್ (ಯಂತ್ರದ ಭಾಗಗಳನ್ನೆಲ್ಲ ನಡೆಸುವ ಲಿನಕ್ಸ್‌ನ ತಿರುಳು). ಒಂಬತ್ತು ಚೆನ್ನಾಗಿವೆ. ಒಂದು ಮಾತ್ರ ವಾರಕ್ಕೆ ಎರಡು ಮೂರು ಸಲ ಕರ್ನಲ್ ಪ್ಯಾನಿಕ್ ಆಗಿ, ಅಂದರೆ ಕರ್ನಲ್ ಮುಂದುವರಿಯಲಾಗದ ತಪ್ಪಿಗೆ ಸಿಕ್ಕಿ, ನಿಂತುಬಿಡುತ್ತದೆ. ಎರಡು ಸಲ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದೆವು. ಲಾಗ್‌ನಲ್ಲಿ ಏನೂ ಸಿಗುತ್ತಿಲ್ಲ. ಮುಂದೇನು ಮಾಡಬೇಕು?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ‘ಫಾರ್ಮ್ಯಾಟ್ ಮಾಡಿದೆವು’ ಎಂಬ ಸಾಲು ಇದ್ದೇ ಇರುತ್ತದೆ. ಓದಿದಾಗಲೆಲ್ಲ ಬೇಜಾರಾಗುತ್ತದೆ. ಅದೇ ಕರ್ನಲ್ ಉಳಿದ ಒಂಬತ್ತರಲ್ಲಿ ಸರಿಯಾಗಿ ಓಡುತ್ತಿದೆ ಅಲ್ವಾ? ಹಾಗಿದ್ದ ಮೇಲೆ ಅದನ್ನೇ ಮತ್ತೆ ಹಾಕಿದರೆ ಏನು ಬದಲಾಗುತ್ತದೆ? ಇನ್ನೊಂದು ಅಪಾಯವೂ ಇದೆ. ರ್‍ಯಾಮ್ ಕೆಟ್ಟಿದ್ದರೆ, ಇನ್‌ಸ್ಟಾಲ್ ಮಾಡುವಾಗ ಪ್ರತಿ ಫೈಲೂ ಆ ಕೆಟ್ಟ ರ್‍ಯಾಮ್ ಮೂಲಕವೇ ಹಾದು ಡಿಸ್ಕ್ ಸೇರುತ್ತದೆ. ಹೊಸ ಸಿಸ್ಟಮ್ ಹುಟ್ಟುವಾಗಲೇ ಹಾಳಾಗಿರಬಹುದು.

ಲಾಗ್ ಖಾಲಿ ಇರುವುದರಲ್ಲಿ ಆಶ್ಚರ್ಯವಿಲ್ಲ. ಪ್ಯಾನಿಕ್ ಆದ ಕರ್ನಲ್‌ಗೆ ತನ್ನ ಮೆಮೊರಿಯ ಮೇಲೇ ಭರವಸೆ ಇರುವುದಿಲ್ಲ. ಆಗ ಡಿಸ್ಕ್‌ಗೆ ಬರೆಯಲು ಹೋದರೆ ಒಳ್ಳೆಯ ಫೈಲುಗಳೂ ಕೆಡಬಹುದು. ಅದಕ್ಕೇ ಅದು ಬರೆಯದೆ ನಿಲ್ಲುತ್ತದೆ. ಪರದೆಯಲ್ಲಿ ‘ನಾಟ್ ಸಿಂಕಿಂಗ್’ ಎಂದು ಕಾಣುವುದು ಇದಕ್ಕೇ. ಹಾಗಾಗಿ ಸಾಕ್ಷಿಯನ್ನು ಬೇರೆ ಕಡೆಯಿಂದ ಹಿಡಿಯಬೇಕು. ಪರದೆಯಲ್ಲಿ ಅಕ್ಷರಗಳು ಕಂಡರೆ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಡೆಸ್ಕ್‌ಟಾಪ್ ಚಿತ್ರ ಹಾಗೇ ಅಲುಗದೆ ನಿಂತರೆ ಕೆಡಂಪ್ ಹಾಕಿಡಿ. ಅದು ಸ್ವಲ್ಪ ಮೆಮೊರಿಯನ್ನು ಮೊದಲೇ ತೆಗೆದಿಟ್ಟುಕೊಂಡು, ಮೊದಲ ಕರ್ನಲ್ ಬಿದ್ದ ಕೂಡಲೇ ಎರಡನೇ ಕರ್ನಲ್ ಎಬ್ಬಿಸಿ, ಆಗಿನ ಮೆಮೊರಿಯನ್ನು ಫೈಲಾಗಿ ಉಳಿಸುತ್ತದೆ. ನಿಮ್ಮಲ್ಲಿ ಪಕ್ಕದಲ್ಲೇ ಬೇರೆ ಕಂಪ್ಯೂಟರ್‌ಗಳಿವೆ. ನೆಟ್‌ಕನ್ಸೋಲ್ ಇನ್ನೂ ಸುಲಭ. ಕರ್ನಲ್‌ನ ಕೊನೆಯ ಮಾತುಗಳು ನೆಟ್‌ವರ್ಕ್ ಕೇಬಲ್ ಮೂಲಕ ಪಕ್ಕದ ಯಂತ್ರಕ್ಕೆ ಬಂದು ಬೀಳುತ್ತವೆ.

ಒಂದು ಫೋಟೊ ಸಾಲದು. ಕನಿಷ್ಠ ಮೂರು ಬೇಕು. ಪಕ್ಕಪಕ್ಕ ಇಟ್ಟು ನೋಡಿ. ಎಲ್ಲರೂ ಕೊನೆಯ ಸಾಲು ಓದುತ್ತಾರೆ. ಅದರಲ್ಲಿ ಹೆಚ್ಚೇನೂ ಇರುವುದಿಲ್ಲ. ಮೊದಲ ತಪ್ಪು ಎಲ್ಲಿ ಆಯಿತು ಅನ್ನುವುದು ಮೇಲೆ, ‘ಆರ್‌ಐಪಿ’ (RIP) ಎಂಬ ಸಾಲಿನಲ್ಲಿ ಇರುತ್ತದೆ. ಅಲ್ಲಿ ಆಗ ಓಡುತ್ತಿದ್ದ ಫಂಕ್ಷನ್‌ನ (ಕೋಡ್‌ನ ಒಂದು ತುಂಡಿನ) ಹೆಸರು ಇರುತ್ತದೆ. ಅದರ ಕೆಳಗಿನ ಕಾಲ್ ಟ್ರೇಸ್‌ನಲ್ಲಿ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿಯಲ್ಲಿ) ಕೆಲವು ಹೆಸರುಗಳ ಮುಂದೆ ಚೌಕ ಆವರಣದೊಳಗೆ ಮಾಡ್ಯೂಲ್‌ನ (ಕರ್ನಲ್‌ಗೆ ಸೇರಿಸುವ ಡ್ರೈವರ್‌ನಂಥ ತುಂಡಿನ) ಹೆಸರೂ ಕಾಣುತ್ತದೆ. ಮೂರು ಸಲವೂ ಅದೇ ವೈಫೈ ಮಾಡ್ಯೂಲ್, ಅದೇ ಫಂಕ್ಷನ್ ಇದ್ದರೆ ಆ ಡ್ರೈವರ್ ಅಥವಾ ಆ ಕಾರ್ಡ್ ಹಿಡಿಯಿರಿ. ಮೊದಲ ಸಲ ಗ್ರಾಫಿಕ್ಸ್, ಎರಡನೇ ಸಲ ಫೈಲ್ ಸಿಸ್ಟಮ್, ಮೂರನೇ ಸಲ ಮೆಮೊರಿ ಹಂಚುವ ಕೋಡ್ ಎಂದು ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ನನ್ನ ಅನುಮಾನ ನೇರವಾಗಿ ಹಾರ್ಡ್‌ವೇರ್ ಮೇಲೆ, ಅದರಲ್ಲೂ ರ್‍ಯಾಮ್ ಮೇಲೆ.

ಅದೇ ಫೋಟೊದಲ್ಲಿ ‘ಟೇಂಟೆಡ್’ (Tainted, ಕರ್ನಲ್ ಶುದ್ಧವಾಗಿ ಉಳಿದಿಲ್ಲ ಎಂಬ ಗುರುತು) ಎಂಬ ಪದವನ್ನೂ, ಅದರ ಪಕ್ಕದ ಅಕ್ಷರಗಳನ್ನೂ ನೋಡಿ. ‘ಪಿ’ (P) ಇದ್ದರೆ ಸೋರ್ಸ್ ಕೊಡದ ಕಂಪನಿ ಡ್ರೈವರ್ ಸೇರಿದೆ. ‘ಒ’ (O) ಇದ್ದರೆ ಹೊರಗಿನಿಂದ ಕಟ್ಟಿದ ಮಾಡ್ಯೂಲ್ ಇದೆ. ‘ಎಂ’ (M) ಕಂಡರೆ ಪ್ರೊಸೆಸರೇ ಮೆಷಿನ್ ಚೆಕ್ ತಪ್ಪು (ಹಾರ್ಡ್‌ವೇರ್ ದೋಷ) ಹೇಳಿಕೊಂಡಿದೆ ಎಂದು ಲೆಕ್ಕ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ.

ಈಗ ಪರೀಕ್ಷೆ. ಮೊದಲು ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ್‍ಯಾಮ್ ಅನ್ನು ಮಾಮೂಲಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಇದ್ದರೆ ಆಫ್ ಮಾಡಿ. ಅದು ಒಂದು ಬಗೆಯ ಓವರ್‌ಕ್ಲಾಕಿಂಗ್. ಕಂಪನಿ ಪೊಟ್ಟಣದ ಮೇಲೆ ಬರೆದ ವೇಗ ನಿಮ್ಮ ಬೋರ್ಡ್‌ನಲ್ಲಿ ನಡೆದೇ ತೀರುತ್ತದೆ ಎಂಬ ಗ್ಯಾರಂಟಿ ಇಲ್ಲ. ಆಮೇಲೆ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಂ ಅನ್ನು ರಾತ್ರಿಯಿಡೀ ಓಡಲು ಬಿಡಿ. ಹತ್ತು ನಿಮಿಷ ಓಡಿಸಿ ‘ಸರಿಯಿದೆ’ ಅನ್ನುವುದು ಪರೀಕ್ಷೆಯೇ ಅಲ್ಲ. ‘ಒಂದೇ ಎರರ್ ಬಂತು, ಪರವಾಗಿಲ್ವಾ’ ಎಂದು ಕೇಳಬೇಡಿ. ಪರವಾಗಿಲ್ಲ ಅನ್ನುವ ಹಾಗೇ ಇಲ್ಲ. ಸೊನ್ನೆ ಬಿಟ್ಟು ಬೇರೆ ಯಾವ ಸಂಖ್ಯೆಯೂ ನನಗೆ ಒಪ್ಪಿಗೆ ಇಲ್ಲ.

ಸೊನ್ನೆ ಬಂದರೂ ರ್‍ಯಾಮ್ ಪೂರ್ತಿ ಪಾರಾದಂತಲ್ಲ. ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಸುಮ್ನೆ ಕೂತಿರುತ್ತವೆ. ಪವರ್ ಸಪ್ಲೈ ಮೇಲೆ ಪೂರ್ತಿ ಭಾರ ಬೀಳುವುದಿಲ್ಲ. ಇಲ್ಲಿ ನಿಮಗೊಂದು ದೊಡ್ಡ ಅನುಕೂಲವಿದೆ. ಅದನ್ನು ನೀವು ಬಳಸಿಯೇ ಇಲ್ಲ. ಅದೇ ಮಾದರಿಯ ಒಂಬತ್ತು ಯಂತ್ರಗಳು ಪಕ್ಕದಲ್ಲೇ ಇವೆ! ಚೆನ್ನಾಗಿರುವ ಒಂದರ ಜೊತೆ ರ್‍ಯಾಮ್ ಅದಲುಬದಲು ಮಾಡಿ. ಪ್ಯಾನಿಕ್ ರ್‍ಯಾಮ್ ಹಿಂದೆಯೇ ಹೋದರೆ ಕಳ್ಳ ಸಿಕ್ಕಿದ. ಹೋಗದಿದ್ದರೆ ರ್‍ಯಾಮ್ ವಾಪಸ್ ಹಾಕಿ, ಪವರ್ ಸಪ್ಲೈ ಬದಲಿಸಿ. ಆಮೇಲೆ ಡಿಸ್ಕ್. ಒಂದು ಸಲಕ್ಕೆ ಒಂದೇ ಭಾಗ, ಮತ್ತು ಪ್ರತಿಯೊಂದಕ್ಕೂ ಕನಿಷ್ಠ ಒಂದು ವಾರ. ಅವಸರಪಟ್ಟು ಎರಡು ಭಾಗ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದೇ ಇಲ್ಲ.

ಬಯೋಸ್ ಆವೃತ್ತಿ ಹತ್ತರಲ್ಲೂ ಒಂದೇ ಇದೆಯಾ ಎಂದೂ ನೋಡಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಜಾಸ್ತಿ ವೋಲ್ಟೇಜ್‌ನಿಂದ ಅಸ್ಥಿರವಾಗುತ್ತವೆ ಎಂದು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಬಯೋಸ್ ಮೂಲಕ ಹೊಸ ಮೈಕ್ರೊಕೋಡ್ (ಪ್ರೊಸೆಸರ್ ಒಳಗೇ ಓಡುವ ಸೂಚನೆಗಳು) ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆ ಮೈಕ್ರೊಕೋಡ್ ಮುಂದಿನ ಹಾನಿ ತಡೆಯಲಿಕ್ಕೆ. ಆಗಲೇ ಕೆಟ್ಟ ಚಿಪ್ ಅದರಿಂದ ಸರಿಯಾಗುವುದಿಲ್ಲ, ಬದಲಿಸಿಕೊಳ್ಳಬೇಕು.

ಇದೆಲ್ಲ ಶುರು ಮಾಡುವ ಮೊದಲು ಬ್ಯಾಕಪ್ ತೆಗೆಯಿರಿ. ಆದರೆ ಹಳೆಯ ಬ್ಯಾಕಪ್ ಮೇಲೆ ಬರೆಯಬೇಡಿ, ಬೇರೆ ಕಡೆ ಇಡಿ. ಈ ಯಂತ್ರದಲ್ಲಿ ಈಚೆಗೆ ಸೇವ್ ಆದ ಫೈಲುಗಳು ಆಗಲೇ ಕೆಟ್ಟಿರಬಹುದು. ಈ ವಿಷಯದಲ್ಲಿ ನಾನು ತುಂಬಾ ಹೆದರುವವನು. ನೀವೂ ಹೆದರಿ.

ಇಂಟರ್‌ನೆಟ್‌ನಲ್ಲಿ ಓಡಾಡುವ ಎರಡು ‘ಪರಿಹಾರ’ಗಳ ಬಗ್ಗೆಯೂ ಹೇಳಲೇಬೇಕು. ‘ಕರ್ನಲ್ ಪ್ಯಾನಿಕ್’ ಎಂಬ ಸೆಟ್ಟಿಂಗ್‌ನ ಮೌಲ್ಯವನ್ನು 10 ಎಂದು ಇಟ್ಟರೆ ಸರಿಹೋಗುತ್ತದೆ ಅನ್ನುವುದು ಒಂದು. ಅದು 10 ಸೆಕೆಂಡ್ ಆದಮೇಲೆ ತಾನೇ ರೀಸ್ಟಾರ್ಟ್ ಆಗುವಂತೆ ಮಾಡುತ್ತದೆ, ಅಷ್ಟೆ. ಫೋಟೊ ತೆಗೆಯುವ ಅವಕಾಶವೂ ಹೋಯಿತು. ಮೆಷಿನ್ ಚೆಕ್ ಅನ್ನೇ ಆಫ್ ಮಾಡಿ ಅನ್ನುವುದು ಇನ್ನೊಂದು. ಇದನ್ನು ಹೇಳಿಕೊಡುವವರ ಮೇಲೆ ನನಗೆ ನಿಜಕ್ಕೂ ಕೋಪ. ಹೊಗೆ ಕಂಡಾಗ ಅಲಾರಂ ವೈರ್ ಕತ್ತರಿಸಿದ ಹಾಗೆ. ಕೆಟ್ಟ ಹಾರ್ಡ್‌ವೇರ್ ನಿಮ್ಮ ಡೇಟಾ ಕೆಡಿಸುತ್ತಲೇ ಇರುತ್ತದೆ, ನಿಮಗೆ ಸುದ್ದಿಯೇ ಬರುವುದಿಲ್ಲ.

ಪ್ರಶ್ನೆ: ಅಪ್‌ಡೇಟ್ ಆದಮೇಲೆ ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್, ಅನ್‌ನೋನ್ ಬ್ಲಾಕ್ 0,0’ ಎಂದು ನಿಲ್ಲುತ್ತಿದೆ. ಹೊಸ ಡಿಸ್ಕ್ ತರಬೇಕೇ?

ಉತ್ತರ: ಬೇಡ. ಬೂಟ್ ವಿಭಾಗ ತುಂಬಿ, ಹೊಸ ಕರ್ನಲ್‌ನ ಇನಿಟ್‌ರ್‍ಯಾಮ್‌ಎಫ್‌ಎಸ್ (ಬೂಟ್ ಆಗುವಾಗ ಡಿಸ್ಕ್ ತೆರೆಯಲು ಕರ್ನಲ್‌ಗೆ ಬೇಕಾದ ಆರಂಭದ ಫೈಲ್) ತಯಾರಾಗಿರುವುದಿಲ್ಲ. ಹೆಚ್ಚಾಗಿ ಇದೇ ಕಾರಣ. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಒಳಗೆ ಹೋಗಿ. ಬೇಡದ ಹಳೆಯ ಕರ್ನಲ್‌ಗಳನ್ನು ತೆಗೆದು, ಹೊಸ ಕರ್ನಲ್‌ನ ಇನಿಟ್‌ರ್‍ಯಾಮ್‌ಎಫ್‌ಎಸ್ ಮತ್ತೆ ಕಟ್ಟಿಸಿ. ಈಗ ಬೂಟ್ ಆಗಿರುವ ಕರ್ನಲ್ ಮಾತ್ರ ತೆಗೆಯಬೇಡಿ.

ಪ್ರಶ್ನೆ: ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಇದೆ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಹೋಗಿದೆ ಎಂದು ರಿಪೇರಿಯವರು ಹೇಳುತ್ತಾರೆ.

ಉತ್ತರ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ 41 ಹೇಳುತ್ತದೆ. ವಿಂಡೋಸ್ ಕ್ರ್ಯಾಶ್ ಆಗಿ ನೀಲಿ ಪರದೆ ಬಂದರೂ ಅದೇ ಬರುತ್ತದೆ, ಕರೆಂಟ್ ಹೋದರೂ ಅದೇ. ಕ್ರ್ಯಾಶ್ ಆದಾಗ ವಿಂಡೋಸ್ ಉಳಿಸುವ ಮಿನಿಡಂಪ್ ಫೈಲ್ ತೆರೆದು ನೋಡದೆ ಭಾಗ ಬದಲಿಸು ಅನ್ನುವವರಿಗೆ ಹಣ ಕೊಡಬೇಡಿ.

ಪ್ರಶ್ನೆ: ನೀಲಿ ಪರದೆಗೆ ಡ್ರೈವರ್ ಅಪ್‌ಡೇಟರ್ ಸಾಫ್ಟ್‌ವೇರ್ ಹಾಕಲೇ?

ಉತ್ತರ: ಹಾಕಬೇಡಿ. ಡ್ರೈವರ್ ಬೇಕಿದ್ದರೆ ಹಾರ್ಡ್‌ವೇರ್ ಮಾಡಿದ ಕಂಪನಿಯ ಸೈಟಿನಿಂದ ಮಾತ್ರ.

ಪ್ರಶ್ನೆ: ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿದರೆ ಕ್ರ್ಯಾಶ್ ನಿಲ್ಲುತ್ತದೆಯೇ?

ಉತ್ತರ: ಕಾರಣ ರ್‍ಯಾಮ್ ಆಗಿದ್ದರೆ ಇಲ್ಲ. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದದ್ದು ಕರ್ನಲ್ ಒಳಗೆ ಓಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಸಾಫ್ಟ್‌ವೇರ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ. ಕರ್ನಲ್ ಒಳಗೆ ಕೆಟ್ಟ ಕೋಡ್ ಸೇರಿದರೆ ಲಿನಕ್ಸೂ ಬೀಳುತ್ತದೆ.

ಪ್ರಶ್ನೆ: ಇದು ವೈರಸ್ ಇರಬಹುದೇ?

ಉತ್ತರ: ತೀರಾ ಅಪರೂಪ. ಮೊದಲು ರ್‍ಯಾಮ್ ನೋಡಿ.