ಶೆಡ್‌ನಲ್ಲಿ ನಿಂತುಬಿಟ್ಟ ಹಳೇ ಟ್ರ್ಯಾಕ್ಟರ್: ಎಲ್ಲಿಂದ ಶುರು ಮಾಡುವುದು?

ವರ್ಷಗಟ್ಟಲೆ ನಿಂತ ಡೀಸೆಲ್ ಟ್ರ್ಯಾಕ್ಟರ್, ಎಂಜಿನ್ ಜಾಮ್ ಆಗಿದೆ, ಮೊದಲು ಬಣ್ಣ ಹೊಡೆಸಲೇ ಅಂತ ಕೇಳಿದ್ದೀರಿ. ಬೇಡ. ಬಣ್ಣ ಕೊನೆಗಿರಲಿ, ಎಂಜಿನ್ ತಿರುಗುವುದು ಮೊದಲು.

ಒಂದಿಷ್ಟು ಎಂಜಿನ್ ಆಯಿಲ್ ಇಳಿಸಿ ನೋಡಿ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ, ಪೂರ್ತಿ ಬಿಚ್ಚಲೇಬೇಕು. ಇಲ್ಲದಿದ್ದರೆ ಹೆಚ್ಚಾಗಿ ಪಿಸ್ಟನ್ ರಿಂಗ್‌ಗಳು ಸಿಲಿಂಡರಿನ ತುಕ್ಕಿಗೆ ಕಚ್ಚಿಕೊಂಡಿರುತ್ತವೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ ಬೆರೆಸಿದ ತೆಳು ಆಯಿಲ್ ಬಿಡಿ. ಕೆಲವು ದಿನ ನೆನೆಯಲಿ. ಆಮೇಲೆ ಟಾಪ್ ಗೇರ್ ಹಾಕಿ, ಟ್ರ್ಯಾಕ್ಟರನ್ನು ಕೈಯಿಂದಲೇ ಹಿಂದೆ ಮುಂದೆ ತಳ್ಳಿ. ಫ್ಯಾನ್ ಪುಲ್ಲಿ ಕೂದಲೆಳೆಯಷ್ಟು ಸರಿದರೂ ಗೆದ್ದಿರಿ! ಬೇರೆ ಗಾಡಿಗೆ ಕಟ್ಟಿ ಎಳೆಸಬೇಡಿ, ರಿಂಗ್ ಮುರಿಯುತ್ತವೆ. ತಿರುಗತೊಡಗಿದ ಮೇಲೂ ಇಂಜೆಕ್ಟರ್ ಕೂರಿಸುವ ಮೊದಲು ನ್ಯೂಟ್ರಲ್‌ಗೆ ತಂದು ಚೆನ್ನಾಗಿ ತಿರುಗಿಸಿ, ಸಿಲಿಂಡರಿನಲ್ಲಿ ಉಳಿದ ಆಯಿಲ್ ಹೊರಗೆ ಚಿಮ್ಮಬೇಕು. ಅದು ಒಳಗೇ ಉಳಿದರೆ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಡೀಸೆಲ್ ಲೈನಿನ ಏರ್ ತೆಗೆಯಿರಿ. ಫಿಲ್ಟರಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವ ತನಕ ಪಂಪ್ ಮಾಡಿ, ಕೊನೆಗೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ. ಆ ಜೆಟ್ಟಿಗೆ ಕೈ ಒಡ್ಡಬೇಡಿ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲ ಸ್ಟಾರ್ಟಿಗೆ ಒಂದು ದಪ್ಪ ಹಲಗೆ ಕೈಯಲ್ಲಿರಲಿ. ನಿಂತು ನಿಂತು ಇಂಜೆಕ್ಟರಿಗೆ ಡೀಸೆಲ್ ತಳ್ಳುವ ಪಂಪ್ ಸಿಕ್ಕಿಕೊಂಡಿದ್ದರೆ ಎಂಜಿನ್ ರೇಸ್ ಆಗಿ ನಿಲ್ಲುವುದೇ ಇಲ್ಲ. ಆಗ ಆ ಹಲಗೆಯಿಂದ ಗಾಳಿ ಎಳೆಯುವ ಪೈಪ್ ಮುಚ್ಚುವುದೇ ದಾರಿ.

ಇಷ್ಟೆಲ್ಲ ಪಡುವುದು ಯಾಕೆ ಅಂದರೆ, ಈ ಯಂತ್ರಗಳ ಜಾಣ್ಮೆ ಬಿಚ್ಚಿದಾಗಲೇ ಕಾಣುವುದು. ನನಗೆ ಫರ್ಗುಸನ್ ಟಿಇ20 ಅಂದರೆ ಪ್ರಾಣ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾಯಿತು. ಅದರ ಗೇರ್ ಲಿವರನ್ನು ‘ಎಸ್’ ಜಾಗಕ್ಕೆ ತಂದರೆ ಮಾತ್ರ ಸ್ಟಾರ್ಟರ್ ತಿರುಗುತ್ತದೆ, ಹಾಗಾಗಿ ಗೇರ್‌ನಲ್ಲಿರುವಾಗ ಸ್ಟಾರ್ಟ್ ಮಾಡಲು ಆಗುವುದೇ ಇಲ್ಲ. ಎಷ್ಟು ಸರಳ, ಅಲ್ವಾ? ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ತಲುಪಿದ್ದು ಪಟ್ಟಿ ಚಕ್ರ ಕಟ್ಟಿದ ಇದೇ ಟ್ರ್ಯಾಕ್ಟರ್‌ಗಳಲ್ಲಿ.

ಇನ್ನು ಬಣ್ಣ. ಕಂಪನಿಯ ಬಣ್ಣ ಅರ್ಧದಷ್ಟು ಉಳಿದಿದ್ದರೂ ನಾನಂತೂ ಕೆರೆಯುವುದಿಲ್ಲ, ತೊಳೆದು ಎಣ್ಣೆ ಸವರಿ ಬಿಡುತ್ತೇನೆ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು, ಹಳೆಯದನ್ನು ಮತ್ತೆ ತರಲಾಗದು. ಸೀರಿಯಲ್ ನಂಬರಿನ ತಗಡಿಗೆ ಮಾತ್ರ ಉಪ್ಪುಕಾಗದ ತಾಗಿಸಲೇಬೇಡಿ. ಬಿಡಿಭಾಗ ಹುಡುಕುವಾಗ ನಿಮಗೆ ಅದೇ ಆಧಾರ.