ಪ್ರತಿಕ್ರಿಯೆ: ಕ್ವಿಜ್‌ನಲ್ಲಿ ಮಗಳಿಗೆ ‘ನೀನು ಈಯೋರ್, ನಿನಗೆ ಖಿನ್ನತೆ’ ಅಂತ ಬಂದಿದೆ, ನಂಬಬೇಕಾ?

ಕ್ವಿಜ್‌ನ ಉತ್ತರ ನೋಡಿ ಮಗಳು ‘ಅದು ನನ್ನ ಹಾಗೇ ಇದೆ’ ಅಂದಳು ಅಂತ ಬರೆದಿದ್ದೀರಿ. ಆ ಕ್ವಿಜ್‌ನ ಮೂಲ ಬಹುಶಃ ಒಂದು ತಮಾಷೆ ಲೇಖನ. 2000ದ ಡಿಸೆಂಬರ್‌ನಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವಿನ್ನಿ ದ ಪೂ ಎಂಬ ಇಂಗ್ಲಿಷ್ ಮಕ್ಕಳ ಕಥೆಯ ಪ್ರಾಣಿಗಳಿಗೆ ಕಾಯಿಲೆಗಳನ್ನು ಹಚ್ಚಿದ್ದರು. ಕತ್ತೆ ಈಯೋರ್‌ಗೆ ದೀರ್ಘಕಾಲದ ಖಿನ್ನತೆ, ಹಂದಿಮರಿ ಪಿಗ್ಲೆಟ್‌ಗೆ ಆತಂಕ. ನಗಿಸಲು ಬರೆದದ್ದು ಅದು. ಹೀಗೇ ಹೋದರೆ ನಮ್ಮ ತೆನಾಲಿ ರಾಮಕೃಷ್ಣನಿಗೂ ಮಾತ್ರೆ ಬರೆಯಬಹುದು.

ಆದರೆ ಮಗಳು ‘ಅದು ನನ್ನ ಹಾಗೇ ಇದೆ’ ಅಂದಳಲ್ವಾ, ಆ ಮಾತು ಬಿಡಬೇಡಿ. ನಮ್ಮ ಶಾಲೆಯಲ್ಲೂ ಇಂಥ ಮಕ್ಕಳನ್ನು ನೋಡಿದ್ದೇನೆ. ‘ನಿನಗೇನೂ ಆಗಿಲ್ಲ, ಸುಮ್ನಿರು’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಸಂಜೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು, ‘ಈಯೋರ್‌ನ ಯಾವ ಮಾತು ನಿಂದೇ ಅನಿಸಿತು?’ ಅಂತ ಕೇಳಿ. ಎದುರು ಕೂತು ಕೇಳಿದರೆ ಹೇಳೋದು ಕಷ್ಟ.

ಆಮೇಲೆ ನಿದ್ದೆ, ಊಟ, ಓದು, ಗೆಳತಿಯರ ಒಡನಾಟ ಗಮನಿಸಿ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿಯೇ ಬರಬೇಕೆಂದಿಲ್ಲ, ಸಿಡುಕಾಗಿಯೂ ಬರುತ್ತದೆ. ಮೊದಲಿಂದಲೂ ಮೌನಿಯಾಗಿದ್ದರೆ ಅದು ಸ್ವಭಾವ ಇರಬಹುದು. ಈಚೆಗೆ ಬದಲಾಗಿದ್ದರೆ ಬೇರೆ. ನೀವು ಬರೆದಷ್ಟರಿಂದ ಯಾವುದು ಅಂತ ನಾನು ಹೇಳಲಾರೆ.

ಎರಡು ವಾರ ದಾಟಿಯೂ ಹೀಗೇ ಇದ್ದರೆ ನಿಮ್ಮ ಯಾದಗಿರಿ ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ವೈದ್ಯರನ್ನು ಕೇಳಿ. ಅದಕ್ಕೂ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ. ಒಬ್ಬಳನ್ನೇ ಬಿಡದೆ ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.